ದೂತರ ಮೊಪೆಡ್ ಹಿಂದೆ ಆರು ತಿಂಗಳು

ನಾನು ಕೆಲಸಕ್ಕೆ ಸೇರಿದ್ದು 1994ರ ಜೂನ್ ಒಂದರಂದು. ಬಿ.ಎಸ್ಸಿ. ಮುಗಿದು ಒಂದು ವರ್ಷವಾಗಿತ್ತು. ರೇಷ್ಮೆ ಬೆಳೆಗಾರರಿಗೆ ತಿಳಿವಳಿಕೆ ಕೊಡುವ ಒಂದು ಯೋಜನೆಯ ಕಚೇರಿ ಚಾಮರಾಜನಗರದಲ್ಲಿತ್ತು. ಅಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸ. ನಾವು ಹೇಳಿದ್ದು ಒಂದು, ಜನ ಕೇಳಿಸಿಕೊಂಡಿದ್ದು ಇನ್ನೊಂದು ಆಗುವುದು ಎಲ್ಲ ಕೆಲಸದಲ್ಲೂ ಉಂಟು. ನಮ್ಮ ಕೆಲಸದಲ್ಲಿ ಅದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಆಗಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೆಲವನ್ನು ಕ್ರಮವಾಗಿ ಹೇಳುತ್ತೇನೆ.

ಅಧಿಕಾರಿಗಳು ಮೊದಲ ದಿನವೇ ಷರತ್ತು ಹಾಕಿದರು. ಗುಂಡ್ಲುಪೇಟೆ ತಾಲ್ಲೂಕು, ಬೇಗೂರಿನಿಂದ ನಾಲ್ಕು ಕಿಲೋಮೀಟರ್ ಒಳಗೆ ಒಂದು ಊರು. ಹುಳು ಸಾಕುವ ಮನೆಗಳು ಮೂವತ್ತೊಂದು. ಅಷ್ಟೂ ಮನೆಯವರು ತಮ್ಮ ಹುಳು ಮನೆಗೆ, ಅಂದರೆ ಹುಳು ಸಾಕುವ ಕೋಣೆಗೆ, ಒಂದೇ ದಿನ ಔಷಧಿ ಹೊಡೆಯಬೇಕು. ಒಂದು ಮನೆ ಬಿಟ್ಟರೂ ರೋಗ ಅಲ್ಲಿಂದ ಮತ್ತೆ ಊರೆಲ್ಲ ಹರಡುತ್ತದೆ.

“ನವೆಂಬರ್ ಕೊನೆಯೊಳಗೆ ಮೂವತ್ತೊಂದೂ ಆದರೆ ನಿಮ್ಮ ಕೆಲಸ ಮುಂದುವರಿಯುತ್ತೆ. ಮೂವತ್ತಾದರೆ ಇಲ್ಲ,” ಅಂದರು.

ನಮ್ಮ ಮನೆಯಲ್ಲಿ ಸಂಬಳ ತರುವವನು ನಾನೊಬ್ಬನೇ. ಮೂವತ್ತೊಂದು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ದಾರಿ ತೋರಿಸಲು ಒಬ್ಬ ಹಿರಿಯ ಸಹಾಯಕರನ್ನು ಜೊತೆ ಮಾಡಿದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ‘ದೂತರು’ ಅನ್ನುತ್ತಿದ್ದರು. ನಮ್ಮ ಕಡೆ ಊರೂರಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನ ದುಬಾರಿ. ದೂತ ಅಗ್ಗ. ಇವರು ಇಪ್ಪತ್ತೆರಡು ವರ್ಷ ದೂತನ ಪಾರ್ಟನ್ನೇ ಮಾಡಿದ್ದರು. ರಾಮಾಯಣವಾಗಲಿ ಮಹಾಭಾರತವಾಗಲಿ, ಸುದ್ದಿ ತರುವವರು ಇವರೇ, ಒಯ್ಯುವವರೂ ಇವರೇ.

“ಹಾಡಿಲ್ಲ, ಕಿರೀಟ ಇಲ್ಲ, ಬೇಜಾರಾಗುತ್ತಿರಲಿಲ್ಲವೇ?” ಎಂದು ಕೇಳಿದೆ.

“ಯಾತಕ್ಕಪ್ಪ ಬೇಜಾರು? ಕಿರೀಟ ಹಾಕ್ಕಂಡೋರೆಲ್ಲ ಬೆಳಗಾಗೋದ್ರೊಳಗೆ ಸತ್ತೋಗೋರು. ನಾನು ಒಬ್ನೇ ಪ್ರತಿ ವರ್ಷ ಬದುಕಿ ಮನೆಗೆ ಹೋಗ್ತಿದ್ದೆ ಕಣಪ್ಪ.”

ಹರವೆಯಲ್ಲಿ ‘ಇಲ್ಲ’

ಹರವೆಯ ಒಬ್ಬ ರೈತರ ಹುಳುಗಳಿಗೆ ಗಂಟು ರೋಗ ಬಂದಿರಬಹುದೆಂಬ ಅನುಮಾನವಿತ್ತು. ಆ ರೋಗ ಖಾತ್ರಿಯಾದರೆ ಹುಳುಗಳನ್ನೆಲ್ಲ ಗುಂಡಿಗೆ ಸುರಿದು ಸುಡಬೇಕು. ನಾನು ಹುಳು ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ರೋಗವಿರಲಿಲ್ಲ. ಸುದ್ದಿ ಹೇಳಲು ಮರುದಿನ ದೂತರೊಂದಿಗೆ ಹೋದೆ. ರೈತರೂ ಅವರ ಹೆಂಡತಿಯೂ ಬಾಗಿಲಲ್ಲಿ ನಿಂತಿದ್ದರು. ನಾನು ವಾಕ್ಯವನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದೆ.

“ನಿಮ್ಮ ಹುಳುಗಳ ಮಾದರಿಯನ್ನು ಪರೀಕ್ಷೆ ಮಾಡಿದ್ದೇವೆ. ಅದರಲ್ಲಿ ಗಂಟು ರೋಗದ ಲಕ್ಷಣಗಳು...”

ಆಕೆ ತಲೆಯ ಮೇಲೆ ಕೈ ಹೊತ್ತು ಕುಳಿತರು. ರೈತರು ಒಳಗೆ ಹೋದರು.

“...ಮೂರು ಸಲ ನೋಡಿದರೂ, ಯಾವ ಹಂತದಲ್ಲೂ...”

ರೈತರು ಹುಳುವಿನ ತಟ್ಟೆ ಹೊತ್ತು ನನ್ನ ಪಕ್ಕದಲ್ಲೇ ಹಾದು ಹಿತ್ತಲಿನ ಗುಂಡಿಯ ಕಡೆ ನಡೆದರು.

“...ಕಂಡುಬಂದಿಲ್ಲ,” ಎಂದು ನಾನು ಅವರ ಬೆನ್ನಿಗೆ ಹೇಳಿ ಮುಗಿಸಿದೆ.

ಒಂದು ತಟ್ಟೆ ಗುಂಡಿಗೆ ಹೋಯಿತು. ಎರಡನೆಯದನ್ನು ದೂತರು ಓಡಿಹೋಗಿ ಹಿಡಿದುಕೊಂಡರು. “ಇಲ್ಲ! ಇಲ್ಲ! ರೋಗ ಇಲ್ಲ!” ಎಂದು ಕೂಗಿದರು. ರೈತರು ತಟ್ಟೆ ಬಿಡಲಿಲ್ಲ, ಇವರೂ ಬಿಡಲಿಲ್ಲ. ಕೊನೆಗೆ ಇಬ್ಬರೂ ಸೇರಿ ಅದನ್ನು ಒಳಗೆ ತಂದಿಟ್ಟರು.

ಬರುವಾಗ ದೂತರು ಮೊಪೆಡ್ ಮೇಲೆ ಕುಳಿತೇ ಪಾಠ ಹೇಳಿದರು. “ಲಂಕೆಯಿಂದ ಹಾರಿ ಬಂದ ಹನುಮಂತ ಮೊದ್ಲು ಏನಂದ? ‘ಕಂಡೆ’ ಅಂದ. ಯಾರ್ನ, ಎಲ್ಲಿ, ಎಂಗವ್ರೆ, ಎಲ್ಲಾ ಆಮೇಲೆ. ಯಾತಕ್ಕೆ? ಕೇಳೋನ ಜೀವ ಬಾಯಿಗೆ ಬಂದಿರ್ತದೆ. ನೀನಾಗಿದ್ರೆ ಸಮುದ್ರದ ಅಗಲದಿಂದ ಶುರು ಮಾಡ್ತಿದ್ದೆ. ಅಷ್ಟೊತ್ತಿಗೆ ರಾಮ ಬಿಲ್ಲು ಬಿಸಾಕಿ ಅಯೋಧ್ಯೆ ಬಸ್ಸು ಹತ್ತಿಬುಡ್ತಿದ್ದ.”

ಕನ್ನಡದಲ್ಲಿ ‘ಇಲ್ಲ’ ವಾಕ್ಯದ ಕೊನೆಗೆ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಂದಿನ ವಾರ ಅದೇ ಊರಿನ ಇನ್ನೊಬ್ಬ ರೈತರಿಗೂ ಇಂಥದೇ ಒಳ್ಳೆಯ ಸುದ್ದಿ ಹೇಳಬೇಕಿತ್ತು. ಪಾಠ ನೆನಪಿತ್ತು. ಬೇಲಿಯ ಹೊರಗಿನಿಂದಲೇ ಗಟ್ಟಿಯಾಗಿ “ಇಲ್ಲ!” ಎಂದೆ.

ಒಳಗಿನಿಂದ ದನಿ ಬಂತು. “ಯಾರ್ಲಾ ಅದು ಇಲ್ಲ ಅನ್ನೋನು? ನಾನಿಲ್ಲೇ ಅವ್ನಿ!”

ತೆರಕಣಾಂಬಿಯ ಜ್ವರ

ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸುಮಾರು ಒಂದು ದಿನ ಏನೂ ತಿನ್ನದೆ, ಅಲುಗಾಡದೆ, ತಲೆ ಎತ್ತಿ ಕೂರುತ್ತದೆ. ಇದಕ್ಕೆ ರೈತರು ‘ಜ್ವರ’ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಕಾಯಿಲೆಯಲ್ಲ. ಪೊರೆ ಬಿಟ್ಟ ಮೇಲೆ ಹುಳು ಎದ್ದು ಸೊಪ್ಪು ತಿನ್ನುತ್ತದೆ.

ಜುಲೈಯಲ್ಲಿ ಒಂದು ದಿನ ತೆರಕಣಾಂಬಿಯಲ್ಲಿ ಒಂದು ಬೀದಿ ಪೂರ್ತಿ ನೋಡಿದೆ. ಕಚೇರಿಗೆ ಚೀಟಿ ಬರೆದು ಬಸ್ ಕಂಡಕ್ಟರ್ ಕೈಗೆ ಕೊಟ್ಟೆ. ನನಗೆ ಹೆಚ್ಚು ಬರೆದು ಅಭ್ಯಾಸವಿಲ್ಲ. ಚೀಟಿಯಲ್ಲಿ ಇದ್ದದ್ದು ಇಷ್ಟು: “ಆರು ಮನೆಗಳಲ್ಲಿ ಮೂರನೇ ಜ್ವರ. ಇನ್ನೂ ಎದ್ದಿಲ್ಲ. ನಾಳೆಯವರೆಗೆ ಏನೂ ತಿನ್ನಿಸಬಾರದು ಎಂದು ಹೇಳಿದ್ದೇನೆ.”

ಕಂಡಕ್ಟರ್ ಒಳ್ಳೆಯ ಮನುಷ್ಯ. ಚೀಟಿ ಓದಿ ಗಾಬರಿಯಾಗಿ, ನಮ್ಮ ಕಚೇರಿಯ ಬದಲು ದಾರಿಯಲ್ಲೇ ಬಸ್ ನಿಲ್ಲಿಸಿ ಆರೋಗ್ಯ ಕೇಂದ್ರಕ್ಕೆ ಕೊಟ್ಟರು. ಮರುದಿನ ಬೆಳಿಗ್ಗೆ ನಾನೂ ದೂತರೂ ಹೋದಾಗ ಇಬ್ಬರು ಆರೋಗ್ಯ ಸಹಾಯಕಿಯರು ಅದೇ ಬೀದಿಯಲ್ಲಿ ಮಲೇರಿಯಾ ಮಾತ್ರೆ ಹಂಚುತ್ತಿದ್ದರು. ಸಾಲಾಗಿ ನಿಲ್ಲಿಸಿ ಎಲ್ಲರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡಿದ್ದರು. ಜನರು ಸರ್ಕಾರದ್ದು ಏನೋ ಇರಬೇಕೆಂದು ಸುಮ್ಮನೆ ಬೆರಳು ಕೊಟ್ಟಿದ್ದರು.

ದೂತರು ಸಮಾಧಾನವಾಗಿ ವಿಷಯ ಬಿಡಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. “ಸಂಜೀವಿನಿ ಗಿಡ ಯಾವುದು ಅಂತ ಗೊತ್ತಾಗ್ನಿಲ್ಲ. ಹನುಮಂತ ಏನ್ ಮಾಡ್ದ? ಬೆಟ್ಟಾನೇ ಕಿತ್ಕಂಡು ಬಂದ. ಹೆಚ್ಚಾದ್ರೆ ಆರಿಸ್ಕತಾರೆ, ಕಡಿಮೆಯಾದ್ರೆ ಪ್ರಾಣ ಹೋಯ್ತದೆ. ನೀನು ‘ಹುಳು’ ಅನ್ನೋ ಒಂದು ಮಾತು ಉಳಿಸಕ್ಕೋಗಿ ಅರವತ್ತು ಜನದ ರಕ್ತ ತೆಗೆಸ್ಬುಟ್ಟೆ.”

ಹಿರಿಯ ಸಹಾಯಕಿ ಸೂಜಿ ಒರೆಸುತ್ತ ಕೇಳಿದರು. “ಹುಳದ್ದೂ ತಗಳ್ಳಾ ಸಾ? ಗಾಜು ಇನ್ನೂ ಮಿಕ್ಕವೆ.”

ತಮಟೆ

ಆಗಸ್ಟ್‌ನಲ್ಲಿ ನಮ್ಮ ಮೂವತ್ತೊಂದು ಮನೆಗಳ ಊರಿಗೆ ಕೈ ಹಾಕಿದೆವು. ಆ ಊರಲ್ಲಿ ಏನೇ ತಿಳಿಸಬೇಕಾದರೂ ಸಂಜೆ ತಮಟೆ ಬಡಿದು ಸಾರುವ ಪದ್ಧತಿ. ದೂತರು ಅಂದು ರಜೆಯಲ್ಲಿದ್ದರು. ಸಾರುವವರಿಗೆ ಹೇಳಿಕೊಡಲು ನಾನೇ ಹೋದೆ. ತೆರಕಣಾಂಬಿಯ ಪಾಠ ಮರೆತಿರಲಿಲ್ಲ. ‘ಹುಳು’ ಎಂಬ ಮಾತನ್ನು ಬಿಡದೆ ಸೇರಿಸಿದೆ.

“ಗುರುವಾರ ಎಲ್ಲರೂ ಹುಳು ಮನೆ ಖಾಲಿ ಮಾಡತಕ್ಕದ್ದು.”

ಸಾರುವವರು ಮೂರು ಸಲ ಹೇಳಿ ಕಂಠಪಾಠ ಮಾಡಿಕೊಂಡರು. ಅವರಿಗೆ ತಾಳದ ಮೇಲೆ ಹಿಡಿತ ಚೆನ್ನಾಗಿತ್ತು. “ಗುರುವಾರ ಎಲ್ಲರೂ” ಎಂದು ನಿಲ್ಲಿಸಿ ಬಲವಾಗಿ ಒಂದು ಪೆಟ್ಟು ಹಾಕುತ್ತಿದ್ದರು. ಪೆಟ್ಟು ಸರಿಯಾಗಿ ‘ಹುಳು’ವಿನ ಮೇಲೆ ಬೀಳುತ್ತಿತ್ತು. ಅದರ ಸದ್ದು ಅಡಗಿದ ಮೇಲೆ ಊರಿಗೆ ಕೇಳಿಸುತ್ತಿದ್ದದ್ದು “ಮನೆ ಖಾಲಿ ಮಾಡತಕ್ಕದ್ದು.”

ಮರುದಿನ ನಾವು ಹೋದಾಗ ಕೆಳಬೀದಿಯಲ್ಲಿ ಎರಡು ಗಾಡಿಗೆ ಪಾತ್ರೆ, ಒರಳು, ಕೋಳಿ ಪಂಜರ ಏರಿಸಿದ್ದರು. ಒಬ್ಬರು ಮೊಪೆಡ್ಡಿಗೆ ಅಡ್ಡ ನಿಂತರು.

“ಯಾವ ಡ್ಯಾಮು ಸಾ?”

“ಏನು ಡ್ಯಾಮು?”

“ಮನೆ ಖಾಲಿ ಮಾಡಿ ಅಂದ್ರೆ ಊರು ಮುಳುಗ್ತದೆ ಅಂತ ತಾನೆ? ಯಾವ ಡ್ಯಾಮಿಗೆ ಮುಳುಗ್ತೀವಿ, ಅದ್ನಾರಾ ಹೇಳಿ. ಕುಡಿಯೋಕೇ ನೀರಿಲ್ಲ, ಮುಳುಗಿಸೋಕೆ ಎಲ್ಲಿಂದ ತತ್ತೀರಿ?”

ದೂತರು ಮನೆಮನೆಗೂ ನಡೆದರು. ಪ್ರತಿ ಬಾಗಿಲಲ್ಲೂ ಮೊದಲು “ಹುಳು” ಎಂದು ಹೇಳಿ, ಅದು ಕೇಳಿಸಿತೇ ಎಂದು ವಿಚಾರಿಸಿ, ಆಮೇಲೆ ಉಳಿದದ್ದನ್ನು ಹೇಳಿದರು. ಗಾಡಿಗಳು ಖಾಲಿಯಾಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಜನ ನಕ್ಕರು. ಆದರೆ ಆ ಗುರುವಾರ ಯಾರೂ ಔಷಧಿ ಹೊಡೆಯಲಿಲ್ಲ.

ಬರುವಾಗ ದೂತರು ಬೇಗೂರಿನ ಹತ್ತಿರ ಶುರು ಮಾಡಿದರು. “ಸತ್ತಿದ್ದು ಆನೆ. ಧರ್ಮರಾಯ ಆನೆ ಅಂತಲೇ ಅಂದ. ಅದೇ ಹೊತ್ತಿಗೆ ಶಂಖ ಊದಿದ್ರು, ದ್ರೋಣಂಗೆ ಮಗ ಸತ್ತ ಅಂತ ಮಾತ್ರ ಕೇಳಿಸ್ತು. ಅದುವರೆಗೂ ಧರ್ಮರಾಯನ ರಥ ನೆಲಕ್ಕೆ ತಾಗದೆ ಓಡ್ತಿತ್ತಂತೆ. ಆ ಮಾತಾಡಿದ ಕೂಡ್ಲೇ ನೆಲಕ್ಕಿಳೀತು. ಪುಣ್ಯ, ನಿಂಗೆ ರಥ ಇಲ್ಲ.”

ಅರ್ಧ ಕಿಲೋಮೀಟರ್ ಹೋದ ಮೇಲೆ ಮೊಪೆಡ್ಡಿನ ಹಿಂದಿನ ಚಕ್ರದ ಗಾಳಿ ಹೋಯಿತು. ನಾನು ಕುಳಿತಿದ್ದದ್ದು ಅದೇ ಚಕ್ರದ ಮೇಲೆ.

ಬೇಗೂರಿನ ನಿದ್ದೆ

ನಮ್ಮ ಮೂವತ್ತೊಂದು ಮನೆಗಳ ಊರಿನಲ್ಲಿ ಇಬ್ಬರು ಯಜಮಾನರು. ಮೇಲುಬೀದಿಗೆ ಒಬ್ಬರು, ಕೆಳಬೀದಿಗೆ ಒಬ್ಬರು. ಇಬ್ಬರೂ ಶಿವಭಕ್ತರು, ಇಬ್ಬರಿಗೂ ಹಿಪ್ಪುನೇರಳೆ ತೋಟ, ಇಬ್ಬರೂ ಒಂದೇ ಗುಡಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗುತ್ತಿದ್ದರು. ಒಬ್ಬರ ಮನೆಗೆ ಮೊದಲು ಹೋದರೆ ಇನ್ನೊಬ್ಬರು ಮಾತಾಡುತ್ತಿರಲಿಲ್ಲ. ನಾನು ಒಂದು ಪಟ್ಟಿ ಮಾಡಿ, ಒಂದು ವಾರ ಇವರು ಮೊದಲು, ಮರುವಾರ ಅವರು ಮೊದಲು ಎಂದು ಹಂಚಿದೆ. ಮೊದಲ ವಾರವೇ ಪಟ್ಟಿ ಮುಗಿಯಿತು. ಎರಡನೆಯವರು ಬಾಗಿಲು ತೆಗೆಯಲಿಲ್ಲ.

ದೂತರು ಅಂದರು: “ಯುದ್ಧಕ್ಕೆ ಮುಂಚೆ ದುರ್ಯೋಧನ, ಅರ್ಜುನ ಇಬ್ರೂ ಕೃಷ್ಣನ ಮನೆಗೆ ಬಂದ್ರು. ಕೃಷ್ಣ ಯಾರ ಮನೆಗೂ ಹೋಗ್ನಿಲ್ಲ. ಮಲಗಿದ್ದ. ಮಲಗಿದ್ದೋನ ಮೇಲೆ ಯಾರೂ ಆಕ್ಷೇಪಣೆ ಹೇಳಂಗಿಲ್ಲ. ನಾವೂ ಮಲಗನ.”

ಬೇಗೂರಿನ ಹೆದ್ದಾರಿ ಪಕ್ಕ ಒಬ್ಬ ಮಲಯಾಳಿ ಕಾಕಾನ ಟೀ ಅಂಗಡಿ ಇತ್ತು. ಸಂತೆಯ ದಿನ ಇಬ್ಬರು ಯಜಮಾನರೂ ಅಲ್ಲಿ ಟೀ ಕುಡಿಯುತ್ತಿದ್ದರು, ಬೇರೆ ಬೇರೆ ಹೊತ್ತಿನಲ್ಲಿ. ಹನ್ನೊಂದು ಗಂಟೆಗೆ ಅಲ್ಲಿ ದೂತರು ಕಾದಿರುತ್ತಾರೆ ಎಂದು ಇಬ್ಬರಿಗೂ ಹೇಳಿಕಳಿಸಿದೆವು. ದೂತರು ಹತ್ತೂವರೆಗೇ ಬೆಂಚಿನ ಮೇಲೆ ಟವೆಲ್ ಮುಚ್ಚಿ ಮಲಗಿದರು. ಇಬ್ಬರೂ ಬಂದ ಮೇಲೆ ಕಣ್ಣು ಬಿಟ್ಟು, ಇಬ್ಬರನ್ನೂ ಒಂದೇ ಸಲ ನೋಡುವುದು ಅವರ ಯೋಜನೆ.

ಮೇಲುಬೀದಿಯವರು ಬಂದು ತಲೆಯ ಕಡೆ ಕುಳಿತರು. ಕೆಳಬೀದಿಯವರು ಬಂದು ಕಾಲಿನ ಕಡೆ ಕುಳಿತರು. ದೂತರು ಏಳಲಿಲ್ಲ. ಹತ್ತು ನಿಮಿಷವಾಯಿತು. ನಾನು ಕೆಮ್ಮಿದೆ. ಟವೆಲ್ಲಿನ ಒಳಗಿನಿಂದ ಗೊರಕೆ ಬಂತು. ಕೃಷ್ಣನದು ನಾಟಕ. ಇವರದು ನಿಜ.

ಇಪ್ಪತ್ತು ನಿಮಿಷ ಇಬ್ಬರೂ ರಸ್ತೆ ನೋಡಿದರು. ಆಮೇಲೆ ಮೇಲುಬೀದಿಯವರು ಯಾರ ಕಡೆಯೂ ನೋಡದೆ ಅಂದರು. “ಬಿಸಿಲಲ್ಲಿ ಸುತ್ತಿ ಸುತ್ತಿ ಸುಸ್ತಾಗದೆ, ಪಾಪ.”

ಕೆಳಬೀದಿಯವರು ರಸ್ತೆಗೆ ಉತ್ತರ ಕೊಟ್ಟರು. “ನಮ್ಮಿಂದಲೇ ಅಲ್ವಾ ಸುತ್ತಿದ್ದು?”

“ಎಬ್ಬಿಸನ್ವಾ?”

“ಬ್ಯಾಡ ಬುಡಿ. ಮಲಗ್ಲಿ.”

ಅಲ್ಲಿಂದ ಮಾತು ಬೆಳೆಯಿತು. ಮಳೆ, ಸೊಪ್ಪು, ಗೂಡಿನ ರೇಟು, ಕೊನೆಗೆ ರೋಗ. ಒಂದು ಗಂಟೆಯ ಮೇಲೆ ದೂತರು ಎದ್ದು ಕಣ್ಣುಜ್ಜಿಕೊಂಡಾಗ ಇಬ್ಬರೂ ನನ್ನ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಸಹಿ ಹಾಕಿ ಆಗಿತ್ತು. ತಿಂಗಳೊಳಗೆ ಎರಡೂ ಬೀದಿಯಿಂದ ಮೂವತ್ತು ಮನೆಗಳ ಯಜಮಾನರ ಸಹಿ ಬಂತು.

ಕಾಕಾ ಟೀ ಲೋಟ ಎತ್ತುತ್ತ ದೂತರಿಗೆ ಹೇಳಿದರು. “ಚೇಟ್ಟಾ, ಅಣ್ಣಾ, ಇನ್ನು ಮೇಲೆ ಬೆಂಚಿಗೆ ಬಾಡಿಗೆ.”

ಮೂವತ್ತೊಂದನೇ ಮನೆ

ಉಳಿದದ್ದು ಮೇಲುಬೀದಿಯ ತುದಿಯಲ್ಲಿದ್ದ ಒಬ್ಬ ಅಜ್ಜಿಯ ಮನೆ. ಗಂಡ ತೀರಿಕೊಂಡ ಮೇಲೆ ಹುಳು ಸಾಕಿಯೇ ಮನೆ ನಡೆಸಿದವರು. ಅಷ್ಟು ಹೊತ್ತಿಗೆ ನವೆಂಬರ್ ಬಂದಿತ್ತು. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ದೂತರಿಗೆ ಮಾತ್ರ ಬೆಂಚು ಕಂಡರೆ ಸಾಕಿತ್ತು.

ಅಜ್ಜಿ ಜಗಲಿಯಲ್ಲಿ ಸೊಪ್ಪು ಕತ್ತರಿಸುತ್ತಿದ್ದರು. ದೂತರು ಹನುಮಂತನಿಂದ ಹಿಡಿದು ಕೃಷ್ಣ ಸಂಧಾನದವರೆಗೆ ಎಲ್ಲವನ್ನೂ ಹೇಳಿದರು. ಅಜ್ಜಿ ಕೈ ನಿಲ್ಲಿಸದೆ ಕೇಳಿದರು. ಎರಡು ಕಡೆ ತಪ್ಪನ್ನೂ ತಿದ್ದಿದರು.

“ಮೂವತ್ತು ಮನೆ ಯಜಮಾನ್ರು ಒಪ್ಪವ್ರೆ ಅವ್ವಾ. ನೀವೊಬ್ರು ಹೂಂ ಅಂದ್ರೆ ಆಯ್ತು.”

“ಯಜಮಾನ್ರು ಒಪ್ಪವ್ರೆ. ಸರಿ. ಹುಳ ಸಾಕೋರು ಯಾರು?”

ಅಜ್ಜಿ ಇನ್ನೊಂದು ಕಟ್ಟು ಸೊಪ್ಪು ಎಳೆದುಕೊಂಡರು.

“ಸೊಪ್ಪು ಹಾಕೋರು ಯಾರು, ಕಸ ತೆಗೆಯೋರು ಯಾರು? ನಿಮ್ಮ ಔಷಧಿ ಹೊಡುದ್ರೆ ಮನೆಯೊಳಕ್ಕೆ ಒಂದು ದಿನ ಕಾಲಿಡಂಗಿಲ್ಲ. ಎಷ್ಟೋ ಮನೇಲಿ ಹುಳ ಇರೋದು ಒಲೆ ಪಕ್ಕದಲ್ಲಿ. ಅವತ್ತು ಮುದ್ದೆ ಎಲ್ಲಿ ಮಾಡದು? ಹಸುಗೂಸು ಎಲ್ಲಿ ಮಲಗಿಸದು? ಆ ಮೂವತ್ತು ಸಹಿಯೋರಲ್ಲಿ ಒಬ್ಬನ ಕೇಳು, ಹೇಳ್ತಾನಾ? ದೂತರಾಗಿ ಬಂದೋರೆಲ್ಲ ಧೃತರಾಷ್ಟ್ರನ ತಾವೇ ಹೋದ್ರು. ಗಾಂಧಾರಿ ಕಣ್ಗೆ ಬಟ್ಟೆ ಕಟ್ಕಂಡಿದ್ಲು ಕಣಪ್ಪ, ಕಿವಿಗಲ್ಲ. ಯಾರಾರೂ ಅವಳ್ನ ಕೇಳಿದ್ರಾ?”

ದೂತರು ಮೆಲ್ಲಗೆ ಅಂದರು. “ಕೊನೇಲಿ ಸಭೆಗೆ ಕರೆಸಿದ್ರು ಅವ್ವಾ.”

“ಕೊನೇಲಿ! ಯುದ್ಧ ನಿಶ್ಚಯ ಆದ್ಮೇಲೆ! ನೀವೂ ನನ್ನ ತಾವ ಕೊನೇಲೇ ಬಂದಿರದು.”

ನಾನು ನೋಟ್‌ಬುಕ್ ತೆಗೆದು ನೋಡಿದೆ. ಐದು ತಿಂಗಳಲ್ಲಿ ಹುಳು ಸಾಕುವ ವಿಷಯಕ್ಕೆ ನಾನು ಮಾತಾಡಿಸಿದ ಹೆಂಗಸರ ಹೆಸರು ಒಂದೂ ಇರಲಿಲ್ಲ.

“ಹಾಗಾದರೆ ಏನು ಮಾಡೋಣ ಅವ್ವಾ?” ಎಂದೆ. ಆ ಊರಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

ಅಜ್ಜಿ ಆಗಲೇ ಯೋಚಿಸಿ ಇಟ್ಟಿದ್ದರು. ಕಾರ್ತಿಕದ ಕೊನೆಯ ಸೋಮವಾರ. ಅಂದು ಊರಿನ ಹೆಂಗಸರೆಲ್ಲ ಒಪ್ಪತ್ತು, ಒಂದೇ ಹೊತ್ತು ಊಟ. ಅಡುಗೆ ಅರ್ಧ. ಆ ಒಂದು ಅಡುಗೆಯನ್ನೂ ಗುಡಿಯ ಮುಂದೆ ಒಟ್ಟಿಗೆ ಮಾಡುವುದು. ಮಕ್ಕಳು, ತೊಟ್ಟಿಲು ಗುಡಿಯ ಜಗಲಿಗೆ. ಔಷಧಿ ಬೆಳಿಗ್ಗೆಯೇ ಹೊಡೆದು ಬಾಗಿಲು ಮುಚ್ಚುವುದು.

“ಆ ಮೂವತ್ತು ಸಹಿ?” ಎಂದು ಕೇಳಿದೆ.

“ಅದ ಮಡಚಿ ಜೇಬಿಗೆ ಮಡಗಪ್ಪ. ಹೊಸ ಹಾಳೆ ತಗಿ.”

ಆ ಸೋಮವಾರ ಎರಡು ಬೀದಿಯ ಅಡುಗೆ ಒಂದೇ ಒಲೆಯಲ್ಲಿ ಆಯಿತು. ಯಜಮಾನರಿಬ್ಬರಿಗೂ ಸೌದೆ ಒಡೆಯುವ ಕೆಲಸ ಬಿತ್ತು. ದೂತರು ನೀರು ಹೊತ್ತರು. ಅಜ್ಜಿ ಅವರನ್ನು ಕರೆದು ಹೇಳಿದರು. “ದೂತಪ್ಪ, ಮುಂದಿನ ನಾಟಕದಲ್ಲಿ ಗಾಂಧಾರಿ ಪಾರ್ಟು ನೀನೇ ಮಾಡು. ಸೀರೆ ನಾನು ಕೊಡ್ತೀನಿ.”

ಒಂದು ಹಾಳೆ

ಎರಡು ದಿನದ ಮೇಲೆ, ನವೆಂಬರ್ ಮೂವತ್ತು. ನನ್ನ ಕೆಲಸದ ಕೊನೆಯ ದಿನ. ವರದಿ ಕೊಡಲು ಚಾಮರಾಜನಗರದ ಕಚೇರಿಗೆ ಬಂದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಸಮುದ್ರದ ಅಗಲ ಬೇಡ. ಮೊದಲ ಮಾತಿನಲ್ಲೇ ವಿಷಯ ಬರಬೇಕು. ದೂತರು ಮೊಪೆಡ್ ನಿಲ್ಲಿಸುತ್ತಿದ್ದರು. ನಾನು ಒಳಗೆ ಹೋದೆ.

ಅಧಿಕಾರಿಗಳು ತಲೆ ಎತ್ತಿದರು. “ಏನಾಯ್ತು ನಿಮ್ಮ ಬೇಗೂರು ಕಡೇದು?”

“ಮುಗೀತು ಸಾರ್,” ಎಂದೆ.

ಅವರು ನಿಟ್ಟುಸಿರು ಬಿಟ್ಟರು. “ಹೋಗಲಿ. ಪ್ರಯತ್ನ ಪಟ್ಟಿರಿ. ಆ ಊರು ಹಾಗೇನೇ.” ಟೈಪಿಸ್ಟ್ ಕಡೆ ತಿರುಗಿದರು. “ಇವರ ಆರ್ಡರ್ ಹೊಡೀರಿ. ‘ಇವರ ತಾತ್ಕಾಲಿಕ ಸೇವೆಯನ್ನು...’”

ಟೈಪ್‌ರೈಟರ್ ಶುರುವಾಯಿತು. ಮೇಲಧಿಕಾರಿಗಳು ಹೇಳಿ ಬರೆಸುವಾಗ ನಡುವೆ ಬಾಯಿ ಹಾಕಬಾರದೆಂದು ನಾನು ಕಾದು ನಿಂತೆ. ‘ಈ ತಿಂಗಳ ನಂತರ’ ಎಂಬುದೂ ಆಯಿತು. ಅವರು ‘ಮುಂದುವರಿಸಲಾಗುವುದಿಲ್ಲ’ ಎಂದು ಹೇಳಿ ಪೆನ್ನಿನ ಮುಚ್ಚಳ ತೆಗೆದರು. ಟೈಪಿಸ್ಟ್ ನಿಧಾನಸ್ಥರು. ಅವರ ಬೆರಳುಗಳು ಆ ಪದದ ನಡುವೆ ಇದ್ದವು. ಆಗ ದೂತರು ಬಾಗಿಲಿಗೆ ಬಂದರು.

“ಮೂವತ್ತೊಂದು!” ಎಂದು ಅಲ್ಲಿಂದಲೇ ಕೂಗಿದರು. “ಮೂವತ್ತೊಂದು ಸಾರ್! ಒಂದೇ ದಿನ! ಎಲ್ಲಾ ಹುಳು ಮನೆ!”

ಟೈಪ್‌ರೈಟರ್ ನಿಂತಿತು. ನಾನು ಪಟ್ಟಿ ಕೊಟ್ಟೆ. ಅಧಿಕಾರಿಗಳು ಮೇಲಿನಿಂದ ಕೆಳಗೆ ಎರಡು ಸಲ ಓದಿದರು. ಒಂಬತ್ತು ಸಹಿ, ಇಪ್ಪತ್ತೆರಡು ಹೆಬ್ಬೆಟ್ಟು.

“ಇದರಲ್ಲಿ ಇರೋದೆಲ್ಲ ಹೆಂಗಸರ ಹೆಸರು. ಯಜಮಾನರ ಹೆಸರೆಲ್ಲಿ?”

“ಅವೇ ಸಾರ್, ಯಜಮಾನರ ಹೆಸರು,” ಎಂದರು ದೂತರು. ಆಮೇಲೆ ನನ್ನ ಕಡೆ ತಿರುಗಿದರು. “ಹನುಮಂತ ‘ಕಂಡೆ’ ಅಂದ್ಬುಟ್ಟು ಬಾಯಿ ಮುಚ್ಕಂಡು ನಿಂತ್ಕಂಡ್ನಾ? ಮುಂದಕ್ಕೂ ಮಾತಿತ್ತು ಕಣಪ್ಪ!”

ಅಧಿಕಾರಿಗಳು ಮೊದಲ ಬಾರಿ ನಕ್ಕರು. ಟೈಪಿಸ್ಟ್ ಕೇಳಿದರು. “ಸಾರ್, ಹೊಸ ಹಾಳೆ ಹಾಕ್ಲಾ?”

“ಎಲ್ಲಿವರೆಗೂ ಹೊಡೆದಿದ್ದೀರಿ?”

“‘ಮುಂದುವರಿಸಲಾಗುವು’ ಅಂತ ಆಗಿದೆ ಸಾರ್. ‘ದಿಲ್ಲ’ ಇನ್ನೂ ಹೊಡೆದಿಲ್ಲ.”

“ಹಾಗಾದರೆ ಹಾಳೆ ಯಾಕೆ ದಂಡ? ‘ದು’ ಹೊಡೀರಿ, ಸಾಕು.”

ಆ ಆದೇಶ ಇಂದಿಗೂ ನನ್ನ ಬಳಿ ಇದೆ. ‘ದಿಲ್ಲ’ಕ್ಕೆ ಬೇಕಾದ ಅಕ್ಷರ ಎರಡು. ‘ದು’ವಿಗೆ ಒಂದು.